ವರ್ಲೀನ್ ಬೇಡವೆಂದದ್ದು

ವರ್ಲೀನ್ ಟಿಸ್‌ಡೇಲ್ ವಾರವೆಲ್ಲ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುತ್ತಿದ್ದಳು. ಭಾನುವಾರ ಬಿಳಿ ಕೈಗವಸು ತೊಟ್ಟು, ಬಾಸ್ಟನ್ನಿನ ರಾಕ್ಸ್‌ಬರಿ ಬಡಾವಣೆಯ ಚರ್ಚಿನಲ್ಲಿ ಬಂದವರನ್ನು ಸಾಲಾಗಿ ಕೂರಿಸುತ್ತಿದ್ದಳು. ಮೊದಲನೆಯದು ಹೊಟ್ಟೆಪಾಡು. ಮರ್ಯಾದೆಯೆಲ್ಲ ಎರಡನೆಯದರಿಂದ ಬಂದದ್ದು.

ಅವಳು ಸಂಸಾರ ಮಾಡುತ್ತಿದ್ದದ್ದು ಒಡೆಸ್ಸಾ ಎಂಬ ಹೊಲಿಗೆಯವಳ ಜೊತೆ. ಚರ್ಚಿನವರಿಗೆ ಒಡೆಸ್ಸಾ 'ವರ್ಲೀನಳ ಕಸಿನ್'. ಯಾವ ಕಡೆಯಿಂದ ಕಸಿನ್ ಎಂದು ಯಾರೂ ಕೇಳಿರಲಿಲ್ಲ. ಕೇಳದಿರುವುದೇ ಅಲ್ಲಿಯ ಸೌಜನ್ಯ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ವಸಂತದಲ್ಲಿ ಬಡಾವಣೆಯ ಕಪ್ಪು ಹೆಂಗಸರು ಒಬ್ಬರ ಹಿಂದೊಬ್ಬರು ಕೊಲೆಯಾದರು. ಹೆಂಗಸರು ಒಂಟಿಯಾಗಿ ಹೊರಗೆ ಬಾರದಿರುವುದು ಒಳ್ಳೆಯದು ಎಂಬ ಸಲಹೆ ಎಲ್ಲ ಕಡೆಯಿಂದ ಬಂತು. ಕಪ್ಪು ಹೆಂಗಸರ ಸಂಘದವರು ಎಲ್ಲರೂ ಒಟ್ಟಿಗೆ ಹೊರಗೆ ಬರೋಣ ಎಂದು ಮೆರವಣಿಗೆ ಗೊತ್ತು ಮಾಡಿದರು.

ಸಂಘ ಸೇರುತ್ತಿದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಅಲ್ಲಿ ಓಟು ಹಾಕುವ ಪದ್ಧತಿ ಇರಲಿಲ್ಲ. ಎಲ್ಲರೂ ಒಪ್ಪಬೇಕು, ಒಬ್ಬಳು ಬೇಡವೆಂದರೂ ವಿಷಯ ಬಿದ್ದುಹೋಗುತ್ತಿತ್ತು. ಒಡೆಸ್ಸಾ ಕರೆದಳೆಂದು ಹೋಗುತ್ತಿದ್ದ ವರ್ಲೀನ್ ಇದುವರೆಗೆ ಬಾಯಿಬಿಟ್ಟದ್ದು ಗೆಣಸಿನ ಸಿಹಿ ತಿನ್ನುವುದಕ್ಕೆ ಮಾತ್ರ.

ಮೆರವಣಿಗೆಗೆ ಜನ ಸೇರಲು ಪಾದ್ರಿ ಬೀಮನ್ನರು ಚರ್ಚಿನ ನೆಲಮಾಳಿಗೆ ಕೊಡಲು ಒಪ್ಪಿದರು. ಕಾಫಿಯೂ ಅವರದೇ. ಆದರೆ 'ಹೆಂಗಸರನ್ನು ಪ್ರೀತಿಸುವ ಕಪ್ಪು ಹೆಂಗಸರು' ಎಂದು ಒಡೆಸ್ಸಾ ಹೊಲಿದಿದ್ದ ಬ್ಯಾನರ್ ಬರಕೂಡದು.

"ಜನ ಸೇರೋದು ಮುಖ್ಯ ಅಲ್ವಾ? ಮಳೆ ಬೇರೆ ಬರೋ ಹಾಗಿದೆ," ಎಂದಳು ಸಭೆ ನಡೆಸುತ್ತಿದ್ದ ಡೆಲ್ಫೀನ್.

"ಹೊಲಿದೋಳು ನಾನು. ಮಡಚಿಡೋಳೂ ನಾನೇ. ಬಿಡಿ ಅತ್ಲಾಗೆ," ಎಂದಳು ಒಡೆಸ್ಸಾ. ಚರ್ಚಿನಲ್ಲಿ ವರ್ಲೀನಳ ಕೈಗವಸು ಉಳಿಯಲಿ ಎಂಬುದು ಅವಳ ಆಸೆ.

"ಸರಿ, ಎಲ್ಲರೂ ಒಪ್ಪಿದ ಹಾಗಾಯ್ತು," ಎಂದಳು ಡೆಲ್ಫೀನ್.

"ನಂಗೆ ಬೇಡ," ಎಂದಳು ವರ್ಲೀನ್.

"ಏನು ಬೇಡ ವರ್ಲೀನಕ್ಕ, ಕಾಫೀನಾ?"

"ಆ ನೆಲಮಾಳಿಗೆ ಬೇಡ."

"ಅಯ್ಯೋ, ಅದು ನಿಮ್ಮ ಚರ್ಚೇ ಅಲ್ವಾ!"

"ಹೌದು. ಅಲ್ಲಿ ಇವಳನ್ನ ಕಸಿನ್ ಅಂತೀನಿ. ಬೀದೀಲೂ ಕಸಿನ್ನೇ ಅನ್ನೋದಾದ್ರೆ ನಾನು ಮನೇಲೇ ಇರ್ತೀನಿ."

ವಿಷಯ ಬಿದ್ದುಹೋಯಿತು.

"ಚರ್ಚಿನ ಕೆಲಸದಿಂದ ನಿನ್ನನ್ನ ತೆಗೀತಾರೆ ಕಣೇ," ಎಂದಳು ಒಡೆಸ್ಸಾ, ಮನೆಗೆ ನಡೆಯುತ್ತ.

"ತೆಗೀಲಿ."

"ಆಮೇಲೆ ನನ್ನ ಮೇಲೆ ಸಿಡಿಮಿಡಿ ಅಂತೀಯ."

"ಅದು ಈಗಲೂ ಅಂತೀನಲ್ಲ."

ಪಾದ್ರಿಗೆ ಸುದ್ದಿ ಮುಟ್ಟಿಸಲು ವರ್ಲೀನ್ ತಾನೇ ಹೋದಳು.

"ಬೇಡ ಅಂದೋರು ಯಾರು, ಸೋದರಿ?"

"ನಾನೇ, ಪಾದ್ರಿಗಳೇ. ಆ ಬ್ಯಾನರ್‌ನ ಒಂದು ಕೋಲು ಹಿಡಿಯೋಳು ನಾನು. ಇನ್ನೊಂದು ಒಡೆಸ್ಸಾ. ಅವಳು ನನ್ನ ಕಸಿನ್ ಅಲ್ಲ."

ಪಾದ್ರಿ ಕಿಟಕಿಯತ್ತ ನೋಡಿದರು. "ನೀವು ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ, ಸೋದರಿ."

"ನಂಗೆ ಆಯಾಸ ಇಲ್ಲ."

"ಆದ್ರೂ ತಗೊಳ್ಳಿ."

ಮೆರವಣಿಗೆಯ ದಿನ ಜನ ಆಟದ ಮೈದಾನದಲ್ಲಿ ಸೇರಿದರು. ಮಳೆ ಬಂತು. ಹೀಗೆ ನೆನೆಯಬೇಕಾದದ್ದು ಯಾರಿಂದ ಎಂದು ಯಾರೂ ಹೇಳಲಿಲ್ಲ. ಕೆಲವರು ವರ್ಲೀನಳತ್ತ ನೋಡಿದರು, ಅಷ್ಟೆ. ಬ್ಯಾನರ್ ನೆನೆದು ಭಾರವಾದರೂ ಕೊನೆಯವರೆಗೂ ಮೇಲೆಯೇ ಇತ್ತು.

ಮರುದಿನ ಭಾನುವಾರ. ವರ್ಲೀನ್ ಎಂದಿನಂತೆ ಚರ್ಚಿಗೆ ಹೋಗಿ, ಎಂದೂ ಕೂರದಿದ್ದ ಕಡೆ, ಒಡೆಸ್ಸಾಳ ಪಕ್ಕದಲ್ಲಿ ಕೂತಳು. ಅವಳ ಜಾಗಕ್ಕೆ ಬಂದಿದ್ದ ಹೊಸಬಳು ದೊಡ್ಡ ಟೋಪಿಯ ಹೆಂಗಸರನ್ನೆಲ್ಲ, ಹಿಂದಿನವರಿಗೆ ಏನೂ ಕಾಣದಂತೆ, ಮುಂದಿನ ಸಾಲಿನಲ್ಲಿ ಕೂರಿಸಿಬಿಟ್ಟಳು. ವರ್ಲೀನಳಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಕೈಯೆತ್ತಿ 'ಎಡಕ್ಕೆ, ಎಡಕ್ಕೆ' ಎಂದು ಸನ್ನೆ ಮಾಡತೊಡಗಿದಳು.

ಒಡೆಸ್ಸಾ ಆ ಕೈ ಹಿಡಿದು ಕೆಳಗಿಳಿಸಿ ತನ್ನ ಮಡಿಲಲ್ಲಿಟ್ಟುಕೊಂಡಳು. ಹಿಂದಿನ ಸಾಲಿನವರು ನೋಡಿದರು. ಪಾದ್ರಿಯೂ ನೋಡಿ ಕೀರ್ತನೆಯ ಪುಟ ತಪ್ಪು ಹೇಳಿದರು. ಒಡೆಸ್ಸಾ ಕೈ ಬಿಡಲಿಲ್ಲ.