ತಳ ಹಿಡಿಯದ ಕೊಪ್ಪರಿಗೆ

ಬೆಳಗಿನ ಆರು ಗಂಟೆ. ಹಳೆಯ ಅರಮನೆಯ ಅಡುಗೆಮನೆಯಲ್ಲಿ, ಎಲ್ಲರೂ ಅಕ್ಕ ಎಂದೇ ಕರೆಯುವ ಅಡುಗೆಯವರು ತಾಮ್ರದ ಕೊಪ್ಪರಿಗೆಯ ಕೆಳಗಿನಿಂದ ಎರಡು ಕೊಳ್ಳಿ ಹೊರಗೆಳೆಯುತ್ತಾರೆ. ಉರಿ ತಗ್ಗುತ್ತದೆ. ಒಳಗೆ ಹದಿನೆಂಟು ಕಿಲೊ ಅಕ್ಕಿ ಮಾಂಸದ ಜೊತೆ ಸದ್ದಿಲ್ಲದೆ ಬೇಯುತ್ತಿದೆ. ಇವತ್ತಿಗೆ ಹನ್ನೆರಡು ದಿನವಾಯಿತು, ತಳ ಹಿಡಿದಿಲ್ಲ. ಅಕ್ಕ ಹಿಡಿಯಲು ಬಿಟ್ಟಿಲ್ಲ, ಬೇಕೆಂದೇ.

ಅರಮನೆ ಈಗ ಮ್ಯೂಸಿಯಂ. ಎಂಟಕ್ಕೆ ಬಾಗಿಲು ತೆರೆದರೆ ನೂರಿಪ್ಪತ್ತು ಮಂದಿ 'ರಾಜೋಪಹಾರ'ಕ್ಕೆ ಸಾಲು ನಿಲ್ಲುತ್ತಾರೆ. ಅವರಿಗೆ ಬೇಕಾದದ್ದು ಮೇಲಿನ ಅನ್ನವಲ್ಲ, ತಳ ಹಿಡಿದ ಗರಿಗರಿ ಪದರ. ಮಹಾರಾಜರು ಸ್ವತಃ ಕಂಡುಹಿಡಿದ ಖಾದ್ಯ ಎಂದು ಗೋಡೆಯ ಬೋರ್ಡು ಸಾರುತ್ತಿದೆಯಲ್ಲ! ಮಹಾರಾಜರಂತೆ, ಕಂಡುಹಿಡಿದರಂತೆ! ಒಲೆ ಯಾವ ದಿಕ್ಕಿಗಿದೆ ಎಂದೂ ಆ ಪುಣ್ಯಾತ್ಮನಿಗೆ ಗೊತ್ತಿದ್ದಿರಲಾರದು.

ಗೊತ್ತಿದ್ದದ್ದು ಅಕ್ಕನ ಮುತ್ತಜ್ಜಿಗೆ. ಆಗ ಮೇಲಿನ ಅನ್ನವೆಲ್ಲ ಬೆಳ್ಳಿ ತಟ್ಟೆಗೆ ಹೋಗುತ್ತಿತ್ತು. ವಿಷವಿದೆಯೋ ಎಂದು ಮೊದಲ ತುತ್ತು ತಿಂದು ತೋರಿಸಬೇಕಾದವರು ಅಡುಗೆಯವರು. ಎರಡನೇ ತುತ್ತು ತಿಂದರೆ ಕಳ್ಳರು. ಪಾತ್ರೆಗೆ ಅಂಟಿದ್ದು ಮಾತ್ರ ಅವರ ಪಾಲು. ಮಕ್ಕಳ ಹೊಟ್ಟೆ ಕೇಳಬೇಕಲ್ಲ? ಕೊನೆಯ ಗಳಿಗೆಯಲ್ಲಿ ಎರಡು ಕೊಳ್ಳಿ ಹೆಚ್ಚು ತಳ್ಳಿ, ಮೇಲಿನ ಅನ್ನಕ್ಕೆ ಕಮಟು ಹತ್ತದಂತೆ ತಳ ಮಾತ್ರ ದಪ್ಪಗೆ ಹಿಡಿಸುವುದನ್ನು ಅವರು ಕಲಿತರು. ಒಂದು ದಿನ ಉಗ್ರಾಣದ ಅಧಿಕಾರಿಗೆ ಅನುಮಾನ ಬಂದು ಕೊಪ್ಪರಿಗೆಗೆ ಬೆರಳಿಟ್ಟು ಅಳೆದ. ಬೆರಳಿಗಿಂತ ದಪ್ಪವಿತ್ತು. ಕಾದ ಸೌಟನ್ನು ಮುತ್ತಜ್ಜಿಯ ಅಂಗೈಗೆ ಒತ್ತಿದ.

"ಆ ಕೈಲೇ ನಮ್ಮಜ್ಜೀನ ಸಾಕಿದ್ದು," ಎನ್ನುತ್ತಾರೆ ಅಕ್ಕ. "ಈಗ ಬೋರ್ಡಲ್ಲಿ ರಾಜರ ಹೆಸರು. ಓದಿದಾಗೆಲ್ಲ ಮೈ ಉರಿಯುತ್ತೆ."

ಮೂವತ್ತೊಂದು ವರ್ಷ ದುಡಿದರೂ ಅಕ್ಕ ಇಲ್ಲಿ ಇನ್ನೂ ತಾತ್ಕಾಲಿಕ ನೌಕರರೇ. ಬೋರ್ಡು ತಿದ್ದಿ ಎಂದು ಮೂರು ಸಲ ಕೇಳಿಕೊಂಡರು. ಮ್ಯಾನೇಜರು ಕಿವಿಗೇ ಹಾಕಿಕೊಳ್ಳಲಿಲ್ಲ. ರಾಜರ ಹೆಸರಿಲ್ಲದಿದ್ದರೆ ಸೀದ ಅನ್ನವನ್ನು ಯಾರು ತಿನ್ನುತ್ತಾರೆ ಎಂದು ನಕ್ಕರಂತೆ.

ಹನ್ನೆರಡು ದಿನದ ಹಿಂದೆ ರಾಜಮನೆತನದ ಈಗಿನ ಕುಡಿ ಕ್ಯಾಮೆರಾದವರ ಸಮೇತ ಬಂದರು. ಅಕ್ಕ ಮೇಲಿನ ಮೆತ್ತನೆಯ ಅನ್ನ ಬಡಿಸಿದರು. ಅವರು ನಮ್ಮ ವಂಶದ ಖಾದ್ಯ ಎಲ್ಲಿ ಎಂದು ಕೇಳಿದರು.

"ನಿಮ್ಮ ವಂಶದವರು ತಿಂದಿದ್ದು ಇದೇ ಸ್ವಾಮಿ. ತಳದ್ದು ನಮ್ಮ ವಂಶದ್ದು."

ಕ್ಯಾಮೆರಾ ಆಫ್ ಆಯಿತು. ಮ್ಯಾನೇಜರು ಅಕ್ಕನನ್ನು ಹೊರಗೆ ಕರೆದು ಬಾಯಿಗೆ ಬಂದಂತೆ ಬೈದರು. ಅಕ್ಕ ಮರುದಿನ ಎರಡು ಕೊಳ್ಳಿ ಹೊರಗೆಳೆದರು, ಅಷ್ಟೆ. ಅಂದಿನಿಂದ ಸಾಲು ನಿಂತವರು ಗೊಣಗಿಕೊಂಡು ಹೋಗುತ್ತಿದ್ದಾರೆ. ಬೇರೆ ಅಡುಗೆಯವರನ್ನು ಕರೆಸಿದ್ದೂ ಆಯಿತು. ಮೊದಲನೆಯವನು ಇಡೀ ಕೊಪ್ಪರಿಗೆ ಸೀಯಿಸಿದ, ಎರಡನೆಯವನು ಗಂಜಿ ಮಾಡಿಟ್ಟ.

ಇವತ್ತು ಮ್ಯಾನೇಜರು ತಾವೇ ಒಲೆಯ ಹತ್ತಿರ ಬಂದಿದ್ದಾರೆ. ಬೋರ್ಡಿನಲ್ಲಿ ನಿನ್ನ ಹೆಸರು ಹಾಕಿಸಲೇನಮ್ಮ ಎಂದು ಮೆತ್ತಗೆ ಕೇಳುತ್ತಾರೆ. ಅಕ್ಕ ತಲೆ ಎತ್ತುವುದಿಲ್ಲ.

"ನನ್ನ ಹೆಸರು ಬೇಡ. 'ಹಸಿದ ಅಡುಗೆಯವರು ಕದ್ದು ಮಾಡ್ಕೊಂಡಿದ್ದು' ಅಂತ ಬರೆಸಿ. ಅವತ್ತೇ ತಳ ಹಿಡಿಯುತ್ತೆ."