ಗೌಸ್ ಸಾಬರು ದಾರಿ ನೋಡಲು ಬಂದದ್ದು

ಹೊಸ ರಬ್ಬರಿನ ವಾಸನೆ ನಿಮಗೆ ಹಿಡಿಸುತ್ತದೆಯೋ ಇಲ್ಲವೋ ಕಾಣೆ, ನನಗಂತೂ ಬಲು ಇಷ್ಟ. ಮೊನ್ನೆ ಕಾರಿಗೆ ಟೈರು ಕೊಳ್ಳಲೆಂದು ರಾಮನಗರಕ್ಕೆ ಹೋದವಳು ಅಂಗಡಿಯ ಬಾಗಿಲಲ್ಲೇ ನಿಂತು ಎರಡು ಸಲ ಜೋರಾಗಿ ಉಸಿರೆಳೆದುಕೊಂಡೆ. ಅಂಗಡಿಯ ಯಜಮಾನರು ನನಗೆ ಉಬ್ಬಸವೆಂದು ತಿಳಿದು ಕುರ್ಚಿ ಎಳೆದು ಕೊಟ್ಟರು.

"ಬರೀ ಹೈವೇ ಓಡಾಟನಾ ಮೇಡಂ, ಇಲ್ಲಾ ಹಳ್ಳಿ ಕಡೆನೂ ಹೋಗ್ತೀರಾ?"

"ಬರೀ ಹೈವೇ" ಎಂದೆ. ಅರವತ್ತು ದಾಟಿದವಳಿಗೆ ಇನ್ನು ಹಳ್ಳಿ ರಸ್ತೆ ಏತಕ್ಕೆ? ಅವರು ಟೈರು ತರಿಸಲು ಒಳಗೆ ಹೋದರು. ಕುರ್ಚಿಯಲ್ಲಿ ಕುಳಿತ ನನಗೆ ಗೌಸ್ ಸಾಬರು ನೆನಪಾದರು.

ಆಗ ನಾನು ಚನ್ನಪಟ್ಟಣದಲ್ಲಿ ಚಾಕಿ ಕೇಂದ್ರ ನಡೆಸುತ್ತಿದ್ದೆ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡು ಸಲ ಪೊರೆ ಬಿಡುವವರೆಗೆ ಸಾಕಿ ರೈತರ ಮನೆಗೆ ಮುಟ್ಟಿಸುವ ಕೆಲಸ. ಆ ವಯಸ್ಸಿನ ಹುಳು ಎಂದರೆ ಕೈಗೂಸು. ಬಿಸಿಲು ಆಗದು, ಹಸಿವಂತೂ ಆಗಲೇ ಆಗದು. ಹಳೆಯ ಅಂಬಾಸಡರ್ ಒಂದನ್ನು ಕೊಂಡು, ಹಿಂದಿನ ಸೀಟು ಕೀಳಿಸಿ, ಹುಳುವಿನ ತಟ್ಟೆಗಳನ್ನು ಜೋಡಿಸಿಕೊಂಡು ನಾನೇ ಓಡಿಸುತ್ತಿದ್ದೆ. ಕಾರು ಕಂಡೊಡನೆ ಹೊಂಗನೂರಿನ ಜನ ಎದ್ದು ನಿಲ್ಲುತ್ತಿದ್ದರು. ನನ್ನ ಮೇಲಿನ ಗೌರವ ಎಂದುಕೊಂಡಿದ್ದೆ. ಪ್ರಾಣಭಯದಿಂದ ದಾರಿ ಬಿಡುತ್ತಿದ್ದರೆಂದು ತಿಳಿಯಲು ಆರು ತಿಂಗಳು ಬೇಕಾಯಿತು.

ನಮ್ಮ ಸೀಮೆಯ ಹವೆಯನ್ನು ಒಮ್ಮೆ ಯೋಚಿಸಿ ನೋಡಿ. ಶಿವರಾತ್ರಿ ಕಳೆಯಿತೆಂದರೆ ರಾಮನಗರದ ಬಂಡೆಗಳು ಕಾದು, ಟಾರು ಚಪ್ಪಲಿಗೆ ಅಂಟುತ್ತದೆ. ದಸರಾ ಹೊತ್ತಿನ ಮಳೆಗೆ ಮಾಗಡಿ ಕಡೆಯ ಕೆಮ್ಮಣ್ಣು ಬೆಣ್ಣೆಯಾಗುತ್ತದೆ. ಧನುರ್ಮಾಸದ ಬೆಳಗ್ಗೆ ದೊಡ್ಡಮಳೂರಿನ ಹತ್ತಿರ ಎಂಥ ಮಂಜು ಎಂದರೆ, ಮುಂದೆ ಎತ್ತಿನಗಾಡಿ ಇದೆಯೆಂದು ಗೆಜ್ಜೆಯ ಸದ್ದಿನಿಂದಲೇ ತಿಳಿಯಬೇಕು. ಇಷ್ಟಕ್ಕೆಲ್ಲ ಅವೇ ನಾಲ್ಕು ಟೈರು! ಯಾವುದು ಸರಿ ಎಂಬ ಕುತೂಹಲ ನನ್ನನ್ನು ಹುಚ್ಚಿನಂತೆ ಹಿಡಿಯಿತು.

ಮೊದಲ ವರ್ಷ ಸವೆದು ನುಣುಪಾದ ಟೈರಿನಲ್ಲೇ ಓಡಿಸಿದೆ. ಒಂದು ಮಳೆಯಲ್ಲಿ ಕಾರು ಅಡ್ಡಡ್ಡ ಜಾರಿ ಕಬ್ಬಿನ ಗದ್ದೆಗೆ ಮೂತಿ ಇಟ್ಟಿತು. ಹೆದರಿದವಳು ಸೀದಾ ಇನ್ನೊಂದು ತುದಿಗೆ ಹಾರಿ, ಜೀಪಿಗೆ ಹಾಕಿಸುವಂಥ ದಪ್ಪ ಹಲ್ಲಿನ ಟೈರು ತರಿಸಿದೆ. ಹೆದ್ದಾರಿ ಬದಿಯಲ್ಲಿ ಟೈರಂಗಡಿ ಇಟ್ಟಿದ್ದ ಗೌಸ್ ಸಾಬರು ಅದನ್ನು ಹಾಕಿಕೊಡುತ್ತಲೇ ಎಚ್ಚರಿಸಿದರು: "ಅಮ್ಮಾ, ಇದು ಕೆಸರಿಗೆ ಸರಿ. ಟಾರ್ ಮೇಲೆ ಬಿಲ್ಕುಲ್ ಸುಮ್ನಿರಲ್ಲ." ನಾನು ಕೇಳಬೇಕಲ್ಲ!

ಆ ವಾರ ಹುಳು ಹೋದದ್ದು ಹೊಂಗನೂರಿನ ಪುಟ್ಟಮ್ಮನ ಮನೆಗೆ. ಒಬ್ಬರೇ ಹುಳು ಸಾಕುತ್ತಿದ್ದ ಗಟ್ಟಿಗಿತ್ತಿ. ಹಿಂದಿನ ಬೆಳೆ ರೋಗ ಬಿದ್ದು ಪೂರ್ತಿ ಹೋಗಿತ್ತು. ತಟ್ಟೆಯ ಮುಚ್ಚಳ ತೆಗೆದವರೇ ನನ್ನ ಮುಖ ನೋಡಿದರು. "ಇದೇನವ್ವ, ಹುಳ ಎಲ್ಲಾ ಒಂದೇ ಮೂಲೆಗೆ ಸೇರ್ಕಂಡವೆ? ದಾರೀಲಿ ಜಗಳ ಆಡ್ಕಂಡ್ ಬಂದ್ವಾ?" ದಾರಿಯುದ್ದಕ್ಕೂ ಟೈರು ಗಡಗಡ ನಡುಗಿಸಿತ್ತು, ಗುಂಪಿನ ಅಡಿಯಲ್ಲಿದ್ದವು ನಲುಗಿ ಸತ್ತಿದ್ದವು. ಆಮೇಲೆ ಅವರ ದನಿ ಇಳಿಯಿತು. "ಮುಂದ್ಲ ಬೆಳೆಗೂ ಹಿಂಗೇ ತಂದ್ರೆ ನಾನು ಹುಳ ಸಾಕೋದೇ ಬುಟ್ಬುಡ್ತೀನಿ ಕಣವ್ವ."

ಮರುದಿನ ಗೌಸ್ ಸಾಬರ ಮುಂದೆ ತಪ್ಪೊಪ್ಪಿಕೊಂಡೆ. ಅವರು ನಗಲಿಲ್ಲ. ಹದವಾದ ಗೆರೆಗಳಿದ್ದ ಟೈರೊಂದನ್ನು ಉರುಳಿಸಿ ತಂದು ಬೆರಳಾಡಿಸುತ್ತಾ ತೋರಿಸಿದರು. "ಈ ಉದ್ದ ಗೆರೆ ನೀರು ಹೋಗಕ್ಕೆ. ಅಂಚಲ್ಲಿ ಕಚ್ಚು ಇದ್ಯಲ್ಲ, ಅದು ಮಣ್ಣು ಹಿಡಿಯಕ್ಕೆ. ಆದ್ರೂ ನಿಮ್ಮ ದಾರಿ ನೋಡ್ದೆ ಹೆಂಗಮ್ಮ ಹೇಳ್ಲಿ? ಮುಂದಿನ ಸಲ ನಾನೂ ಬತ್ತೀನಿ."

ಆ ಹದದ ಟೈರುಗಳನ್ನೇ ಕಾರಿಗೆ ಹಾಕಿ, ಬಂದೇ ಬಂದರು. ಹೊರಟಾಗ ಎಳೆಬಿಸಿಲು, ಹೊಂಗನೂರು ಹತ್ತಿರವಾಗುವಷ್ಟರಲ್ಲಿ ಧೋ ಎಂದು ಮಳೆ. ಕೆರೆ ಏರಿಯ ಮೇಲೆ ಹಿಂದಿನ ಚಕ್ರ ಸುಮ್ಮನೆ ಸುತ್ತತೊಡಗಿತು. ಕಾರು ಮುಂದೆ ಹೋಗದೆ ಮೆಲ್ಲಗೆ ನೀರಿನ ಕಡೆಗೆ ವಾಲಿತು. ನಾನು ಬ್ರೇಕ್ ಒತ್ತಿ ಹಿಡಿದೆ. ಹಿಂದೆ ಹುಳುಗಳಿಗೆ ಸೊಪ್ಪಿನ ಹೊತ್ತು ಮೀರುತ್ತಿತ್ತು.

ಸಾಬರು ಇಳಿದು, ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತು, ಕಡ್ಡಿಯೊಂದರಿಂದ ಚಕ್ರದ ವಾಲ್ವು ಒತ್ತಿದರು. ಬುಸ್ಸೆಂದು ಗಾಳಿ ಹೊರಟಿತು.

"ಅಯ್ಯೋ, ಇರೋ ಗಾಳೀನೂ ಬಿಡ್ತಿದ್ದೀರಲ್ಲ!" ಎಂದು ಕೂಗಿದೆ.

"ಒಸಿ ಮೆತ್ತಗಾಗ್ಲಿ ಬಿಡಮ್ಮ. ನಾವು ಕೆಸರಲ್ಲಿ ಕಾಲು ಅಗಲ ಮಾಡಿ ನಿಲ್ಲಲ್ವಾ, ಅದೂ ಹಂಗೇ. ಈಗ ಮೆಲ್ಲಗೆ ಬಿಡಿ, ರೇಸ್ ಮಾಡ್ಬೇಡಿ."

ಕಾರು ಎಮ್ಮೆಯ ಹಾಗೆ ನಿಧಾನವಾಗಿ, ಎಲ್ಲೂ ಜಾರದೆ ಏರಿ ದಾಟಿತು.

ಪುಟ್ಟಮ್ಮ ಮುಚ್ಚಳ ತೆಗೆದಾಗ ನಾನು ಬೇರೆ ಕಡೆ ನೋಡುತ್ತಿದ್ದೆ. "ಒಂದೂ ಅಲುಗಾಡಿಲ್ವಲ್ಲವ್ವ!" ಎಂದರು. ಹುಳುಗಳೆಲ್ಲ ಇದ್ದಲ್ಲೇ ಇದ್ದು, ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ಸಾಬರಿಗೆ ಕಾಲು ತೊಳೆಯಲು ನೀರು, ಜಗಲಿಯ ಮೇಲೆ ಚಾಪೆ, ಕಾಫಿ. ಅವರ ಕಣ್ಣು ಮಾತ್ರ ತಟ್ಟೆಯ ಮೇಲೆಯೇ. ಒಂದು ಹುಳುವನ್ನು ಎಲೆಯ ಸಮೇತ ಎತ್ತಿ, ತಲೆಕೆಳಗು ಮಾಡಿದರು. ಅದು ಬೀಳಲಿಲ್ಲ. "ಹಿಂದಿನ ಕಾಲು ನೋಡಮ್ಮ, ಎಂಥ ಗ್ರಿಪ್ಪು! ಇಷ್ಟು ವರ್ಷ ನಂಗೆ ಯಾರೂ ತೋರಿಸ್ಲಿಲ್ಲ."

ವಾಪಸಾಗುವಾಗ ಹೆದ್ದಾರಿ ಹತ್ತುವ ಮೊದಲು, ಕಾಲಿನ ಪಂಪಿನಿಂದ ಸರದಿಯಲ್ಲಿ ಗಾಳಿ ತುಂಬಿದೆವು. ನನಗೆ ಏದುಸಿರು, ಅವರು ಪಾಠ ಮುಂದುವರಿಸಿದ್ದರು. ಬೇಸಿಗೆಯಲ್ಲಿ ಟೈರು ಸಿಡಿಯುತ್ತದೆಂದು ಹೆದರಿ ಜನ ಗಾಳಿ ಕಮ್ಮಿ ಇಡುತ್ತಾರಂತೆ. "ತಪ್ಪು. ಗಾಳಿ ಕಮ್ಮಿ ಆದ್ರೆ ಮಡಚಿ ಮಡಚಿ ಇನ್ನೂ ಕಾಯ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ನೋಡಿ, ಸರಿಯಾಗಿ ತುಂಬ್ಸಿ."

ಆ ಬೆಳೆಯಲ್ಲಿ ಪುಟ್ಟಮ್ಮನಿಗೆ ಒಳ್ಳೆಯ ಗೂಡಾಯಿತು. ಹುಳು ಸಾಕುವುದನ್ನು ಬಿಡುವ ಮಾತು ಮತ್ತೆ ಬರಲಿಲ್ಲ. ಗೌಸ್ ಸಾಬರು ಮುಂದೆ ಅಂಗಡಿ ಮುಚ್ಚಿ ಮಗಳಿರುವ ಕನಕಪುರಕ್ಕೆ ಹೋದರು. ಚಾಕಿ ಕೇಂದ್ರವನ್ನು ನಾನೂ ಇನ್ನೊಬ್ಬರಿಗೆ ವಹಿಸಿದೆ. ಊರೂರು ತಿರುಗುವುದು ಅಲ್ಲಿಗೆ ನಿಂತಿತು. ಯಾರೂ ನಿಲ್ಲಿಸೆಂದಿರಲಿಲ್ಲ. ಕೆಲಸವಿಲ್ಲದೆ ದಾರಿ ಯಾಕೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

"ಮೇಡಂ, ಹೈವೇ ಟೈರ್ ಬಂತು" ಎಂದರು ಅಂಗಡಿಯವರು.

ನಾನು ಕುರ್ಚಿಯಿಂದ ಎದ್ದೆ. "ಬೇಡ, ಬದಲಾಯಿಸಿ. ಮಳೆಗಾಲದಲ್ಲಿ ಮಣ್ಣು ರಸ್ತೆಗೂ ಆಗೋದು ಕೊಡಿ."

"ಯಾವ ಊರಿಗೆ ಹೋಗ್ಬೇಕು ಮೇಡಂ?"

"ಇನ್ನೂ ಗೊತ್ತಿಲ್ಲಪ್ಪ" ಎಂದೆ. "ಹೋಗಿ ನೋಡ್ಬೇಕು."