ಬಾಣಂತಿ ಕೋಣೆಯ ಕೆಂಡ

ಸಾಂಬ್ರಾಣಿಯ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಎಲ್ಲಿದ್ದರೂ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿದ್ದ ತಾತನ ಮನೆಯ ಹೊಸ್ತಿಲ ಮೇಲೆ ಹೋಗಿ ಕೂತುಬಿಡುತ್ತೇನೆ. ಹೋದ ತಿಂಗಳು ಬಂಗಾರಪೇಟೆಯಲ್ಲಿ ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತುವಾಗಲೂ ಹಾಗೇ ಆಯಿತು. ಚಿಕ್ಕಮ್ಮನ ಮಗಳು ಕಾವ್ಯ ಹೆತ್ತು ಒಂಬತ್ತು ದಿನವಾಗಿತ್ತು, ಮಗು ನೋಡಲು ಹೋಗಿದ್ದೆ. ನೋಡಿದರೆ ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ, ಸಂದಿಗೊಂದಿಗೆಲ್ಲ ಹಳೇ ಸೀರೆ, ಚಿಕ್ಕಮ್ಮನ ಕೈಯಲ್ಲಿ ನಿಗಿನಿಗಿ ಕೆಂಡದ ಅಗ್ಗಿಷ್ಟಿಕೆ. "ಬಾ ಬಾ, ಬಾಗ್ಲು ಬೇಗ ಆಕು, ಗಾಳಿ ಬತ್ತದೆ" ಎಂದಳು, ಥೇಟ್ ಅಜ್ಜಿಯ ದನಿ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಯಾಕೆಂದು ನಿಮಗೆ ಹೇಳಬೇಕಾದರೆ ಮೊದಲು ಆ ಮನೆಯ ವಿಷಯ ಹೇಳಬೇಕು.

ಮನೆ ಅಂದರೆ ಏನು ಮಹಾ! ಗಣಿ ಕೆಲಸದವರ ಸಾಲುಮನೆ, ತಗಡಿನ ಸೂರು, ಬಿದಿರು ತಟ್ಟಿಯ ಗೋಡೆ, ಎರಡೇ ಕೋಣೆ. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಅಮ್ಮನಿಗೆ ಹೊಲಿಗೆ. ಶಾಲೆ ಬಿಟ್ಟೊಡನೆ ನಾನು ಅಲ್ಲಿಗೇ ಓಟ. ಪಕ್ಕದ ಮನೆಯ ತಮಿಳು ಹೆಂಗಸು ಒಗ್ಗರಣೆ ಹಾಕಿದರೆ ಸೀನುತ್ತಿದ್ದವರು ನಾವು. ಅಜ್ಜಿ ತಟ್ಟಿಯ ಈಚೆಯಿಂದ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಬೈಯುತ್ತಿದ್ದಳು, ಬೈದು ಮುಗಿಸಿ ಅದೇ ಸಾರನ್ನು ಒಂದು ಬಟ್ಟಲು ಈಸಿಕೊಳ್ಳುತ್ತಿದ್ದಳು. ತಾತ ಆಯುಷ್ಯವೆಲ್ಲ ಗಣಿಯೊಳಕ್ಕೆ ಇಳಿದವನು. ಸಂಜೆ ಬಿಸಿನೀರು ಮೈಮೇಲೆ ಹೊಯ್ದುಕೊಂಡು ಬಂದು ಕೂತರೆ ಅವನದು ಒಂದೇ ಪುರಾಣ. "ಮದ್ದು ಒಡುದ್ಮ್ಯಾಕೆ ಗಾಳಿ ತಿಳಿಯಾಗೋಗಂಟ ಯಾವೋನೂ ಒಳಕ್ಕೆ ಓಗಂಗಿಲ್ಲ. ಕಣ್ಣಿಗೆ ಕಾಣೋ ಒಗೆ ಪರ್ವಾಗಿಲ್ಲ, ಕಾಣ್ದೇ ಇರೋದೇ ಕೆಟ್ಟದ್ದು. ಮೊದ್ಲು ತಲೆನೋವು, ಆಮ್ಯಾಕೆ ನಿದ್ದೆ, ಆಮ್ಯಾಕೆ ಎದ್ದೇಳೋದೇ ಇಲ್ಲ." ಅಜ್ಜಿ "ಶುರುವಾಯ್ತಪ್ಪ ಇವ್ರುದು" ಅಂತ ಒಳಗೆ ಹೋಗುತ್ತಿದ್ದಳು. ಕೇಳುತ್ತಿದ್ದವಳು ನಾನೊಬ್ಬಳೇ, ಅದೂ ತಾತ ಸುಲಿದು ಕೊಡುವ ಹುರಿದ ಕಡಲೇಕಾಯಿಯ ಆಸೆಗೆ. ಆ ಸಂಜೆಗಳಲ್ಲಿ ನಾನು ಎಷ್ಟು ಸುಖವಾಗಿದ್ದೆ ಅಂದರೆ, ಈಗ ನೆನೆದರೂ ಹೊಟ್ಟೆ ತಣ್ಣಗಾಗುತ್ತದೆ.

ರತ್ನ ಚಿಕ್ಕಮ್ಮ ಚೊಚ್ಚಲ ಬಾಣಂತನಕ್ಕೆ ಬಂದದ್ದು ಕೊರೆಯುವ ಚಳಿಯಲ್ಲಿ. ಬಾಣಂತಿಗೆ ಶೀತ ತಗುಲಬಾರದೆಂದು ಅಜ್ಜಿ ತಟ್ಟಿಯ ಒಂದೊಂದು ಕಂಡಿಗೂ ಚಿಂದಿ ತುರುಕಿದಳು, ಅದರ ಮೇಲೆ ಮೈದಾ ಅಂಟು ಬಳಿದು ಪೇಪರು ಹಚ್ಚಿದಳು. ಹನ್ನೊಂದು ದಿನ ಕಳೆದು ಮೈಲಿಗೆ ಹೋಗುವ ತನಕ ಗಂಡಸರು ಆ ಕೋಣೆಯತ್ತ ತಲೆ ಹಾಕುವಂತಿಲ್ಲ, ಹಾಗಾಗಿ ತಾತ ಒಳಗೆ ಏನಿದೆ ಅಂತ ಕಂಡವನೇ ಅಲ್ಲ. ಮಂಚದ ಕೆಳಗೆ ಹಗಲೂ ರಾತ್ರಿ ಅಗ್ಗಿಷ್ಟಿಕೆ. ಅಜ್ಜಿ ಅಜಾಗರೂಕಳೇನಲ್ಲ. ಇದ್ದಿಲನ್ನು ಅಂಗಳದಲ್ಲೇ ಹೊತ್ತಿಸಿ, ಹೊಗೆ ಪೂರಾ ಹೋಗಿ ಕೆಂಡ ಕೆಂಪಗಾದ ಮೇಲೇ ಒಳಗೆ ತರುತ್ತಿದ್ದಳು. ಹೊಗೆ ಇಲ್ಲದ ಮೇಲೆ ಭಯವೇನು ಅಂತ ಅವಳ ಲೆಕ್ಕ. ಐದನೇ ದಿನ ಬೆಳಿಗ್ಗೆ ಚಿಕ್ಕಮ್ಮ ತಲೆ ಸಿಡಿಯುತ್ತಿದೆ ಎಂದಳು. ಶೀತಕ್ಕೇ ಹಾಗಾಗಿದೆ ಅಂತ ಅಜ್ಜಿ ಇನ್ನೊಂದು ಸೇರು ಕೆಂಡ ಸುರಿದು, ಬಾಗಿಲೆಳೆದು, ಬಟ್ಟೆ ಒಗೆಯಲು ನಲ್ಲಿಗೆ ಹೋದಳು.

ಮಧ್ಯಾಹ್ನ ಪಾಪು ನೋಡೋಣವೆಂದು ನಾನು ಮೆಲ್ಲಗೆ ನುಗ್ಗಿದೆ. ಚಿಕ್ಕಮ್ಮನ ಕೆನ್ನೆ ಕೆಂಪಗಿತ್ತು, ಭುಜ ಹಿಡಿದು ಅಲ್ಲಾಡಿಸಿದರೂ ಕಣ್ಣು ಬಿಡಲಿಲ್ಲ. ಸೂರು ಹಾರಿಹೋಗುವಂತೆ ಅಳುತ್ತಿದ್ದ ಮಗು ಗಪ್‌ಚಿಪ್. ಜಗಲಿಗೆ ಓಡಿ, "ತಾತ, ಚಿಕ್ಕಮ್ಮಂಗೆ ತಲೆನೋವಿತ್ತು, ಈಗ ಎಬ್ಬಿಸಿದ್ರೂ ಏಳ್ತಿಲ್ಲ" ಎಂದೆ. ತಾತ ದಡಕ್ಕನೆ ಎದ್ದ. ಬಕೆಟ್ಟು ಹಿಡಿದು ಬರುತ್ತಿದ್ದ ಅಜ್ಜಿ ಅಡ್ಡ ನಿಂತು, "ಅಯ್ಯೋ, ಮೈಲಿಗೆ! ನೀವು ಒಳಕ್ಕೆ ಓಗ್ಬ್ಯಾಡಿ!" ಎಂದು ಕೂಗಿಕೊಂಡಳು. "ಬಿಡೇ ದಾರಿ!" ಎಂದವನೇ ಅವಳನ್ನು ಸರಿಸಿ ಒಳನುಗ್ಗಿ, ಮಗುವನ್ನು ತಂದು ನನ್ನ ಕೈಗೆ ಹಾಕಿದ. ತಟ್ಟಿಗೆ ಒದ್ದು ತೂತು ಮಾಡಿದ. ಚಿಕ್ಕಮ್ಮನನ್ನು ಕಂಕುಳಿಗೆ ಕೈಕೊಟ್ಟು ಅಂಗಳಕ್ಕೆ ಎಳೆದು ತಂದ. ಆಮೇಲೆ ಆಟೋ, ಆಸ್ಪತ್ರೆ, ತಾಯಿ ಮಗು ಇಬ್ಬರ ಮೂಗಿಗೂ ಆಮ್ಲಜನಕದ ಕೊಳವೆ. ಡಾಕ್ಟರಮ್ಮ ಅಜ್ಜಿಯನ್ನು ಪಕ್ಕಕ್ಕೆ ಕರೆದು, "ಮುಚ್ಚಿದ ಕೋಣೇಲಿ ಕೆಂಡ ಇಟ್ಟರೆ ವಿಷಗಾಳಿ ತುಂಬುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಇನ್ನೊಂದು ಸ್ವಲ್ಪ ಹೊತ್ತಾಗಿದ್ದರೆ ಇಬ್ಬರೂ ಉಳೀತಿರಲಿಲ್ಲ" ಎಂದರು.

ಇಬ್ಬರೂ ಉಳಿದರು. ಆ ಮಗುವೇ ಈ ಕಾವ್ಯ. ಮನೆಗೆ ಬಂದ ದಿನ ಅಜ್ಜಿ ನನ್ನ ಕೈ ಹಿಡಿದುಕೊಂಡು, "ರತ್ನಂಗೆ ಯೋಳ್ಬ್ಯಾಡ ಕಣಮ್ಮಿ. ಸನ್ನಿ ಆಗಿತ್ತು ಅನ್ನಾನ. ಎತ್ತ ತಾಯೇ ಸಾಯ್ಸಕ್ಕೆ ಓಗಿದ್ಲು ಅಂತ ಅವ್ಳಿಗೆ ಗೊತ್ತಾಗೋದು ಬ್ಯಾಡ" ಎಂದಳು. ನಾನು ಆಣೆ ಇಟ್ಟೆ. ತಾತ ಅವತ್ತಿನಿಂದ ಗಣಿಯ ಪುರಾಣವನ್ನೇ ನಿಲ್ಲಿಸಿಬಿಟ್ಟ, ಅಜ್ಜಿಗೆ ನೋವಾದೀತೆಂದು. ಗಣಿ ಮುಚ್ಚಿತು. ತಾತ ಹೋದ, ಅಜ್ಜಿ ಹೋದಳು. ಆ ಸಾಲುಮನೆ ಇದ್ದ ಜಾಗದಲ್ಲಿ ಈಗ ಜಾಲಿ ಬೆಳೆದಿದೆ. ಆಣೆಯೊಂದು ನನ್ನ ಹತ್ತಿರ ಉಳಿದಿತ್ತು.

ಬಂಗಾರಪೇಟೆಯ ಆ ಕೋಣೆಯ ಬಾಗಿಲಲ್ಲಿ ನಿಂತು ಆ ಆಣೆ ಮುರಿದೆ. ಮೊದಲು ಅಗ್ಗಿಷ್ಟಿಕೆಯನ್ನು ಈಸಿಕೊಂಡು ಹಿತ್ತಲಲ್ಲಿಟ್ಟೆ, ಕಿಟಕಿಯ ಕಂಬಳಿ ಕಿತ್ತೆ, ಆಮೇಲೆ ಒಂದೂ ಬಿಡದೆ ಹೇಳಿದೆ. ಚಿಕ್ಕಮ್ಮ ಸಿಟ್ಟಾಗುತ್ತಾಳೆ, ಅಜ್ಜಿಯನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಮಂಚದ ಅಂಚಿಗೆ ಕೂತು, ಮಲಗಿದ್ದ ಕಾವ್ಯಳ ತಲೆ ಸವರಿದಳು.

"ನಂಗೆ ತಲೆಗೆ ನೀರು ಉಯ್ವಾಗೆಲ್ಲ ಅಮ್ಮ ಅಳೋಳು ಕಣೆ" ಎಂದಳು. "ಯಾಕಮ್ಮ ಅಂದ್ರೆ ಸೀಗೇಪುಡಿ ಕಣ್ಣಿಗೆ ಬಿತ್ತು ಅನ್ನೋಳು. ಸಾಯೋಗಂಟ ಒಬ್ಳೇ ಇಟ್ಕೊಂಡಿದ್ಲಾ ಇದ್ನ? ಒಂದ್ ಮಾತು ಯೋಳಿದ್ರೆ ನಾನು ಅವ್ಳನ್ನ ತಬ್ಕೊಂತಿರ್ಲಿಲ್ವಾ?"